‘ಸಾಕು’ ಎಂದವರು ಯಾರು

ಎಂಟನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಓದು ಕಲಿಸಿದ್ದು ಅಚ್ಚುಕೂಟ. ಓದಿದ್ದನ್ನು ಅನುಮಾನಿಸಲು ಕಲಿಸಿದ್ದೂ ಅದೇ. ನಿವೃತ್ತನಾಗುವವರೆಗೂ ಕರಡು ತಿದ್ದುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಈಚೆಗೆ ನನ್ನ ಬಗ್ಗೆಯೇ ಬರೆದ ಪ್ಯಾರಾವೊಂದು ಕೈಗೆ ಬಂದಾಗ, ಓದುವ ಮೊದಲು ಕೆಂಪು ಪೆನ್ನು ಹುಡುಕಿಕೊಂಡೆ.

ಜಯನಗರದಲ್ಲಿರುವ ನನ್ನ ಚಿತ್ರಕಾರ ಮಿತ್ರರ ಈವರೆಗಿನ ಚಿತ್ರಗಳನ್ನೆಲ್ಲ ಒಂದೆಡೆ ಸೇರಿಸುವ ಪ್ರದರ್ಶನ ಏರ್ಪಾಟಾಗಿತ್ತು. ಅವುಗಳಲ್ಲಿ ನಲವತ್ತೊಂದು ಶ್ರೀನಗರದ ನನ್ನ ಎರಡು ಕೋಣೆಯ ಮನೆಯಲ್ಲಿವೆ. ಗೋಡೆ ಸಾಲದಾದಾಗ ಬೀರುವಿನ ಬಾಗಿಲಿಗೂ ತೂಗುಹಾಕಿದ್ದೇನೆ. ಪ್ರದರ್ಶನದ ಪುಸ್ತಿಕೆ ಬರೆಯುತ್ತಿದ್ದ ಹುಡುಗಿ ನನ್ನನ್ನು ‘ಸಂಗ್ರಾಹಕರು’ ಎಂದು ಕರೆದಿದ್ದಳು. ಅದನ್ನು ಹಾಗೇ ಬಿಟ್ಟೆ. ತಿದ್ದಬೇಕಾಗಿದ್ದುದು ಮುಂದಿನ ಕಥೆ.

ಆ ಕಥೆ ನಮ್ಮ ಪರಿಚಿತರಿಗೆಲ್ಲ ಬಾಯಿಪಾಠ. ಮಿತ್ರರು ತಾರಸಿಯ ಮೇಲೆ ಒಣಹಾಕಿದ ಬಟ್ಟೆಗಳ ಚಿತ್ರ ಬರೆಯುತ್ತಿದ್ದರಂತೆ. ಮೊದಲ ಸಲ ಅವರ ಮನೆಗೆ ಹೋಗಿದ್ದ ನಾನು, ಎಡಮೂಲೆಯಲ್ಲಿ ಅಂಗೈಯಗಲ ಕ್ಯಾನ್ವಾಸ್ ಇನ್ನೂ ಖಾಲಿಯಿರುವಾಗಲೇ, ‘ಸಾಕು’ ಎಂದೆನಂತೆ. ಅವರು ಕುಂಚ ಕೆಳಗಿಟ್ಟರಂತೆ. ನೋಡಿದವರು ಆ ಖಾಲಿ ಮೂಲೆಯನ್ನೇ ಮೆಚ್ಚಿದರು. ಅಂದಿನಿಂದ ಪ್ರತಿ ಚಿತ್ರವೂ ಮುಗಿಯುವ ಹೊತ್ತಿಗೆ ನನ್ನನ್ನು ಕರೆಸುತ್ತಾರೆ. ನಾನು ‘ಸಾಕು’ ಎನ್ನುವ ತನಕ ಕುಂಚ ಬಿಡುವುದಿಲ್ಲ.

ಕರೆಸುವುದು ನಿಜ. ಆದರೆ ಮೊದಲ ದಿನದ ವೃತ್ತಾಂತ ನಿಜವಲ್ಲ. ಅಂದು ನಾನು ಹೋದದ್ದು ಅವರ ಆಹ್ವಾನ ಪತ್ರಿಕೆಯ ಕರಡು ತೋರಿಸಲು. ಅವರ ಹೆಂಡತಿ ನನ್ನ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು. ನಾನು ‘ಸಾಕು’ ಎಂದದ್ದು ಆ ಕಾಫಿಗೆ. ಚಿತ್ರಕಾರರು ತಟ್ಟನೆ ತಿರುಗಿ, “ಹೌದಾ, ಸಾಕಾ?” ಎಂದರು. ಎಷ್ಟೋ ದಿನದ ಭಾರ ಇಳಿದಂತಿದ್ದ ಆ ಮುಖ ನೋಡಿ ನಾನು ‘ಹ್ಞೂಂ’ ಎಂದುಬಿಟ್ಟೆ. ಆ ಒಂದು ಹ್ಞೂಂಕಾರದ ಮೇಲೆ ನಮ್ಮ ಸ್ನೇಹ ಕಟ್ಟಿಕೊಂಡಿತು.

ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಬಾಯಿಮಾತು ಬೇರೆ, ಅಚ್ಚು ಬೇರೆ. ಸುಳ್ಳೆಂದು ತಿಳಿದ ಸಾಲು ನನ್ನ ಕೈ ದಾಟಿ ಹೋಗುವುದು ನನಗೆ ಒಪ್ಪಿಗೆಯಿರಲಿಲ್ಲ. ಇತ್ತ ಹೊಸಕೆರೆಹಳ್ಳಿ ಕೆರೆಯ ದೊಡ್ಡ ಚಿತ್ರವೊಂದು ಅವರ ಮನೆಯಲ್ಲಿ ಮೂರು ತಿಂಗಳಿಂದ ಸಾಗುತ್ತಿದ್ದು, ಮುಗಿಯಲು ನನ್ನ ಮಾತಿಗಾಗಿ ಕಾದಿತ್ತು. ಪ್ರದರ್ಶನಕ್ಕೆ ಉಳಿದಿದ್ದುದು ಅದೊಂದೇ. ನಾನು ನಿಜ ಹೇಳಿದರೆ ಅವರು ಆ ಚಿತ್ರವನ್ನೂ, ಮುಂದಿನ ಯಾವ ಚಿತ್ರವನ್ನೂ, ಮುಗಿಸಲಾರದೆ ಹೋಗಬಹುದೆಂಬ ಭಯ ನನಗಿತ್ತು. ಎರಡು ದಿನ ಕರಡನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದು, ಮೂರನೆಯ ದಿನ ಜಯನಗರದ ಬಸ್ಸು ಹತ್ತಿದೆ.

“ಅವತ್ತು ನಾನು ಸಾಕು ಅಂದಿದ್ದು ನಿಮ್ಮ ಚಿತ್ರಕ್ಕಲ್ಲ. ಕಾಫಿಗೆ,” ಎಂದೆ.

ಅವರು ಕನ್ನಡಕ ತೆಗೆದರು. “ಯಾವ ಕಾಫಿಗೆ?”

“ನಿಮ್ಮ ಮನೆಯವರು ಬಗ್ಗಿಸ್ತಾ ಇದ್ರಲ್ಲ, ಅದಕ್ಕೆ.”

“ಸುಮ್ನಿರಿ ಸ್ವಾಮಿ. ನೀವು ಚಿತ್ರಾನೇ ನೋಡ್ತಾ ಇದ್ರಿ. ವಯಸ್ಸಾಯ್ತು, ಮರೆವು ನಿಮಗೆ.”

“ನನಗಿಂತ ನೀವು ಎರಡು ವರ್ಷ ದೊಡ್ಡೋರು.”

“ಇವಳೇ, ಸ್ವಲ್ಪ ಬಾ ಇಲ್ಲಿ,” ಎಂದು ಅವರು ಹೆಂಡತಿಯನ್ನು ಸಾಕ್ಷಿಗೆ ಕರೆದರು.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಇಬ್ಬರ ವಾದವನ್ನೂ ಕೇಳಿದರು. “ಕಾಫೀನಾ? ಅವತ್ತು ಹಾಲು ಒಡೆದುಹೋಗಿತ್ತು. ನಾನು ಕೊಟ್ಟಿದ್ದು ಉಪ್ಪಿಟ್ಟು. ಎರಡನೇ ಸಲ ಬಡಿಸೋಕೆ ಬಂದಾಗ ನಿಮ್ಮ ಸ್ನೇಹಿತರು ಸಾಕು ಸಾಕು ಅಂದ್ರು. ತಟ್ಟೆ ಮಾತ್ರ ಮುಂದಕ್ಕೇ ಹಿಡಿದಿದ್ರು.”

“ಇವರ ಕಣ್ಣು ಎಲ್ಲಿತ್ತು, ಅದು ಹೇಳು,” ಎಂದರು ಮಿತ್ರರು.

“ನಾನು ಕಣ್ಣು ನೋಡ್ಲಾ, ತಟ್ಟೆ ನೋಡ್ಲಾ?”

ಮಿತ್ರರು ಕುರ್ಚಿಗೆ ಒರಗಿದರು. “ಅಂದ್ರೆ ಇಷ್ಟು ವರ್ಷ ಉಪ್ಪಿಟ್ಟಿನ ಮಾತು ಕೇಳ್ಕೊಂಡು ಚಿತ್ರ ಬರೆದ್ನಾ ನಾನು?”

ಆಕೆ ನಗುತ್ತ ಒಳಗೆ ಹೋದರು. ನನಗೆ ನಗು ಬರಲಿಲ್ಲ. ಆ ಲೋಟ, ಅದರ ಬಿಸಿ, ಮೇಲಿನ ನೊರೆ, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಕಂಡವರ ವೃತ್ತಾಂತಗಳನ್ನೆಲ್ಲ ಅನುಮಾನಿಸಿದ ನಾನು ಈ ಕಾಫಿಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಆಕೆಯ ಉಪ್ಪಿಟ್ಟನ್ನೂ ನಾನು ಪೂರ್ತಿ ಒಪ್ಪಿಲ್ಲ. ಆದರೆ ತಟ್ಟೆ ಮುಂದಕ್ಕೆ ಹಿಡಿಯುವ ಅಭ್ಯಾಸ ನನಗಿರುವುದು ನಿಜ.

ಮಿತ್ರರು ತಗ್ಗಿದ ದನಿಯಲ್ಲಿ ಕೇಳಿದರು: “ಅದು ಬಿಡಿ. ಆಮೇಲೆ ಸಾಕು ಅಂದಿದ್ದೆಲ್ಲ?”

ಅದನ್ನೂ ಹೇಳಿದೆ. ಅವರ ಎಡಹೆಗಲ ಮೇಲೆ ಕುಂಚ ಒರೆಸಲು ಹಳೆಯ ಪಂಚೆಯ ತುಂಡೊಂದು ಸದಾ ಇರುತ್ತದೆ. ಚಿತ್ರ ಸಾಗುತ್ತಿರುವಾಗ ಅವರಿಗೆ ಅದರ ನೆನಪೇ ಇರುವುದಿಲ್ಲ. ಮುಗಿಯುತ್ತ ಬಂದಂತೆ ಬಣ್ಣ ಹಚ್ಚುವುದು ಕಡಿಮೆಯಾಗಿ ಒರೆಸುವುದು ಹೆಚ್ಚುತ್ತದೆ. ಕೊನೆಗೆ ಬಣ್ಣವೇ ಇಲ್ಲದ ಕುಂಚವನ್ನು ಒರೆಸುತ್ತ ನಿಲ್ಲುತ್ತಾರೆ. ಆಗ ನಾನು ‘ಸಾಕು’ ಎನ್ನುತ್ತಿದ್ದೆ. ನಾನು ನೋಡುತ್ತಿದ್ದುದು ಚಿತ್ರವನ್ನಲ್ಲ, ಆ ಬಟ್ಟೆಯನ್ನು.

ಅವರು ಹೆಗಲ ಮೇಲಿನ ತುಂಡನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು.

“ಹಾಗಾದ್ರೆ ನಿಲ್ಲಿಸ್ತಾ ಇದ್ದಿದ್ದು ನಾನೇ.”

“ನನಗೆ ಹಾಗನ್ಸತ್ತೆ.”

“ಅನ್ಸತ್ತೆ ಅಂತೀರಲ್ಲ. ಖಂಡಿತವಾಗಿ ಹೇಳಿ.”

“ಕಾಫಿ ವಿಷಯ ಹೀಗಾದ ಮೇಲೆ ಖಂಡಿತವಾಗಿ ಏನು ಹೇಳ್ಲಿ?”

ಅವರಿಗೆ ಕೋಪ ಬರುತ್ತದೆಂದು ಎಣಿಸಿದ್ದೆ. ಅವರು ಎದ್ದು ಕೆರೆಯ ಚಿತ್ರವನ್ನು ಬೆಳಕಿಗೆ ತಿರುಗಿಸಿದರು. “ಈ ಸಲ ನೀವು ಬಾಯಿ ಬಿಡಬೇಡಿ. ಬಂದು ಕೂತ್ಕೊಳ್ಳಿ, ಅಷ್ಟೇ,” ಎಂದರು.

ನಾಲ್ಕು ದಿನ ಹೋಗಿ ಕೂತೆ. ಎರಡನೆಯ ದಿನವೇ ಅವರು ಬರಿಯ ಕುಂಚ ಒರೆಸತೊಡಗಿದರು. ಮಾತು ನನ್ನ ನಾಲಿಗೆಯ ತುದಿಗೆ ಬಂತು. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ. ಅಂಚಿನಿಂದ ಇಣುಕಿದರೆ, ಅವರು ನನ್ನತ್ತ ಒಮ್ಮೆ ತಿರುಗಿದರು, ಮತ್ತೆ ಕುಂಚ ಅದ್ದಿದರು. ನಾಲ್ಕನೆಯ ದಿನ ಮಧ್ಯಾಹ್ನ, ಊಟಕ್ಕೆ ಕರೆ ಬರುವ ಮುನ್ನ, ಕೆಳಗೆ ಸಹಿ ಹಾಕಿದರು. ಮೇಲ್ಭಾಗದ ನೀಲಿ ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿತು. ಸಹಿಯಾದ ಮೇಲೆ ಹೇಳಿದೆ. “ಇರಲಿ ಬಿಡಿ,” ಎಂದು ಅವರು ಕೈ ತೊಳೆಯಲು ಹೋದರು. ಕೊನೆಯ ಎರಡು ದಿನ ಹಚ್ಚಿದ ಆ ನೀಲಿಯ ಬಗ್ಗೆ ಅವರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ನನಗೆ ಹಗುರವೆನಿಸಿತು, ಅಂದು ಚೆನ್ನಾಗಿ ಊಟ ಮಾಡಿದೆ.

ಪುಸ್ತಿಕೆಯ ಪ್ಯಾರಾವನ್ನು ಹೊಡೆದುಹಾಕಿ ಒಂದೇ ಸಾಲು ಬರೆದುಕೊಟ್ಟೆ: ಈ ಚಿತ್ರದ ಎಡಮೂಲೆ ಏಕೆ ಖಾಲಿ ಉಳಿಯಿತೆಂಬ ಬಗ್ಗೆ ಆ ದಿನ ಮನೆಯಲ್ಲಿದ್ದ ಮೂವರಲ್ಲಿ ಒಮ್ಮತವಿಲ್ಲ. ಹುಡುಗಿ ಫೋನ್ ಮಾಡಿ, “ಅಂಕಲ್, ಇದು ಸ್ವಲ್ಪ ಡ್ರೈ ಆಗಲ್ವಾ?” ಎಂದಳು. ಆಗುತ್ತದೆ, ಹಾಗೇ ಹಾಕಮ್ಮ ಎಂದೆ. ಹಾಗೇ ಅಚ್ಚಾಯಿತು.

ಪ್ರದರ್ಶನ ಮುಗಿದು ಚಿತ್ರಗಳು ನನ್ನ ಮನೆಗೆ ಮರಳಿದವು. ಈಗ ವಾರಕ್ಕೆರಡು ಬಾರಿ ಮಿತ್ರರ ಮನೆಗೆ ಹೋಗುತ್ತೇನೆ. ಕರೆಸಿದರೆಂದು ಅಲ್ಲ, ಬೇಸರವಾದಾಗ, ಅಥವಾ ಬೇಸರವಿಲ್ಲದಾಗಲೂ. ಮೊನ್ನೆ ಅವರು ಮರವೊಂದಕ್ಕೆ ಹಸಿರು ಕಲೆಸುತ್ತಿದ್ದರು. ಅದರ ನಡುವೆ ಸಾಸಿವೆಯಷ್ಟು ಕೆಂಪು ಇಟ್ಟು ತಿರುವಿದರು. ಹಸಿರು ಕೊಂಚ ಮಂಕಾಗಿ, ನಮ್ಮ ಬೀದಿಯ ಮರಗಳ ಹಸಿರಾಯಿತು.

“ಇದು ಯಾವಾಗಿಂದ ಶುರು ಮಾಡಿದ್ರಿ?” ಎಂದೆ.

“ಏನನ್ನ?”

“ಹಸಿರಿಗೆ ಕೆಂಪು ಹಾಕೋದು.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಮೊದಲಿಂದಾನೂ. ನಿಮ್ಮನೇಲಿರೋ ನಲವತ್ತೊಂದರಲ್ಲೂ ಇದೆ. ಹೋಗಿ ನೋಡಿ.”

ಮನೆಗೆ ಬಂದು ಚಪ್ಪಲಿ ಬಿಟ್ಟವನೇ, ಮೊದಲು ಬೀರುವಿನ ಬಾಗಿಲಿನ ಮೇಲಿದ್ದುದನ್ನು ಇಳಿಸಿ ಕಿಟಕಿಯ ಬಳಿಗೆ ಒಯ್ದೆ.