ಸರ್ವರ್‌ನ ಐದನೆಯ ವಿಳಾಸ

ಬೆಳಗಿನ ಆರೂವರೆ. ಸತ್ತೂರಿನ ಒಂದು ದವಾಖಾನೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯೊಳಗೆ ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಮುಸರತ ಅವರು ಸರ್ವರ್ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಚಹಾ ಆರುತ್ತಿದೆ. ಅದನ್ನು ಬಿಸಿಯಾಗಿ ಕುಡಿದ ನೆನಪು ಅವರಿಗಿಲ್ಲ. ಏಳೂವರೆಗೆ ಲ್ಯಾಬ್ ತೆರೆಯುತ್ತದೆ. ಅಷ್ಟರೊಳಗೆ ಈ ಸರ್ವರ್‌ಗೆ ಇನ್ನೊಂದು ಐಪಿ ವಿಳಾಸ, ಅಂದರೆ ಬೇರೆ ಯಂತ್ರಗಳು ಇದನ್ನು ಹುಡುಕಿಕೊಂಡು ಬರುವ ಅಂಕಿಗಳ ಗುರುತು, ಕೊಡಬೇಕು. ಇಲ್ಲದಿದ್ದರೆ ರಕ್ತ ತಪಾಸಣೆಯ ಒಂದು ವರದಿಯೂ ಡಾಕ್ಟರರನ್ನು ಮುಟ್ಟುವುದಿಲ್ಲ.

ಹಳೆಯ ಸರ್ವರ್ ನಿನ್ನೆ ಕೈಕೊಟ್ಟು, ಅದರ ಕೆಲಸವೆಲ್ಲ ಇದರ ಹೆಗಲಿಗೆ ಬಿದ್ದಿದೆ. ಆದರೆ ಲ್ಯಾಬಿನ ಯಂತ್ರ ಮಹಾ ಹಟಮಾರಿ. ಹಳೆಯ ವಿಳಾಸ ಬಿಟ್ಟು ಬೇರೆಡೆಗೆ ವರದಿ ಕಳಿಸಲಾರದು. "ಅಂಗಡಿ ಜಾಗಾ ಬದಲಾದ್ರೂ ಹಳೇ ಗಿರಾಕಿ ಹಳೇ ಬಾಗಲಾನಽ ಬಡೀತಾರಲ್ಲರಿ. ಆ ಬಾಗಲಾನೂ ತಂದು ಇದಕ್ಕ ಹಚ್ಚಾಕತ್ತೇನಿ," ಎಂದು ಮುಸರತ ನಗುತ್ತಾರೆ. ಸರ್ವರ್‌ಗೆ ಈಗಾಗಲೇ ನಾಲ್ಕು ವಿಳಾಸಗಳಿವೆ. ಇದು ಐದನೆಯದು.

ಆ ವಿಳಾಸದಲ್ಲಿ ಬೇರೆ ಯಂತ್ರ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡು ಸೇರಿಸುತ್ತಾರೆ, ಸರ್ವರಿನ ಕಡತದಲ್ಲೂ ಬರೆದಿಡುತ್ತಾರೆ. ಎರಡೇ ನಿಮಿಷ. ಲ್ಯಾಬಿನ ಶಿದ್ದಪ್ಪ ಇಣುಕಿ, "ಆತೇನ್ರಿ ಅಕ್ಕಾರ?" ಎನ್ನುತ್ತಾರೆ. "ಇನ್ನೂ ಇಲ್ಲರಿ," ಎಂದವರೇ ಮುಸರತ ಚೆನ್ನಾಗಿ ನಡೆಯುತ್ತಿರುವ ಸರ್ವರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತಾರೆ. ನೋಡಿದವರಿಗೆ ಇದೆಂಥ ಹುಚ್ಚು ಅನ್ನಿಸಬೇಕು.

ಈ ರೂಢಿ ತಂದೆಯದು. ಬೆಂಗೇರಿಯಲ್ಲಿ ಮಿಕ್ಸರ್ ರಿಪೇರಿ ಮಾಡುತ್ತಿದ್ದ ಗೌಸಸಾಬ, ಮೂರು ಸಲ ಬಂದ್ ಮಾಡಿ ಚಾಲೂ ಮಾಡದೆ ಯಾವುದನ್ನೂ ಗಿರಾಕಿಯ ಕೈಗಿಡುತ್ತಿರಲಿಲ್ಲ. ಮಗಳು ಅದನ್ನು ಒಮ್ಮೆ ಮರೆತರು, ಆರು ವರ್ಷದ ಹಿಂದೆ. ಹೀಗೇ ಸೇರಿಸಿದ ವಿಳಾಸವನ್ನು ಸರ್ವರ್ ಪ್ರತಿ ಸಲ ಚಾಲೂ ಆಗುವಾಗ ಓದಿಕೊಳ್ಳುವ ಆ ಕಡತದಲ್ಲಿ ಬರೆದಿಡಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ವಿಳಾಸವೇ ಮಾಯ. ತಪ್ಪು ಹುಡುಕಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ದಾವಲಬಿ ಎಂಬ ಅಜ್ಜಿ, ಜ್ವರದಲ್ಲಿ ಬೇಯುತ್ತಿದ್ದ ಮೊಮ್ಮಗಳ ವರದಿಗಾಗಿ ಬೆಂಚಿನ ಮೇಲೆ ಕಾದಿದ್ದರು.

"ಬೈದಿದ್ರ ಛಲೋ ಇತ್ತರಿ. ನಾ ಓಡ್ಯಾಡೂದು ನೋಡಿ, 'ನೀನೂ ಉಂಡಿಲ್ಲೇನ ಬೇಟಿ?' ಅಂತ ಕೇಳಿದ್ರು," ಎನ್ನುವಾಗ ಮುಸರತರ ದನಿ ಇಳಿಯುತ್ತದೆ. ಮೊಮ್ಮಗಳು ಗುಣವಾಗಿ ಮನೆಗೆ ಹೋದಳು. ಆ ಮಾತು ಮಾತ್ರ ಇವರಿಗೆ ಇನ್ನೂ ಚುಚ್ಚುತ್ತದೆ.

ಸರ್ವರ್ ಎದ್ದಿದೆ. ಪರದೆಯ ಮೇಲೆ ವಿಳಾಸಗಳು ನಾಲ್ಕೇ! ಶಿದ್ದಪ್ಪ ಗಡಿಯಾರ ನೋಡುತ್ತಾರೆ: ಏಳು ದಾಟಿ ಐದು ನಿಮಿಷ. ಮುಸರತ ಕಡತ ತೆರೆದು ಸಾಲುಸಾಲಾಗಿ ಬೆರಳಿಟ್ಟು ಓದುತ್ತಾರೆ. ಅಂಕಿಗಳ ನಡುವೆ ಒಂದು ಚುಕ್ಕೆ ಬಿಟ್ಟುಹೋಗಿದೆ. ತಿದ್ದಿ ಮತ್ತೆ ಬಂದ್, ಮತ್ತೆ ಚಾಲೂ. ಈಗ ಐದು. ಅಷ್ಟಕ್ಕೇ ಬಿಡದೆ ಮೂರನೆಯ ಸಲವೂ ಮಾಡುತ್ತಾರೆ.

ಏಳೂ ನಲವತ್ತಕ್ಕೆ ಲ್ಯಾಬಿನಿಂದ ಶಿದ್ದಪ್ಪನವರ ಕೂಗು: "ಮೊದಲನೇದು ಹೋತ್ರಿ!" ಇಂಥ ಇನ್ನೂರೈವತ್ತು ವರದಿಗಳು ಸಂಜೆಯೊಳಗೆ ಹೋಗಲಿವೆ. ಮುಸರತ ತಣ್ಣನೆಯ ಚಹಾ ಎತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಕೊಂಚ ಯೋಚಿಸುತ್ತಾರೆ.

"ಆ ಅಜ್ಜಿ ಇನ್ನೊಮ್ಮೆ ಬರಬೇಕ್ರಿ," ಎಂದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಛೇ, ದವಾಖಾನಿಗಿ ಯಾಕ ಬರಬೇಕು. ಬಸ್ಸಿನ್ಯಾಗ ಸಿಕ್ಕರ ಸಾಕು. ಬಾಜೂ ಕುಂತು, ಅವತ್ತ ನಿಮ್ಮನ್ನ ಕಾಯಿಸಿದಾಕಿ ನಾನಽ ಅಂತ ಹೇಳಬೇಕರಿ."