ಹಲಗೂರಿನಿಂದ ಮಂಡ್ಯಕ್ಕೆ, ಅತ್ತೆಯ ರಕ್ತಪರೀಕ್ಷೆಗೆ

ಬೆಳಿಗ್ಗೆ ಬೇಗ ಹಲಗೂರಿನಲ್ಲಿ ಬಸ್ಸು ಹತ್ತಿದೆವು. ನನ್ನ ಸೋದರತ್ತೆ ಜಯಮ್ಮನವರ ಎದೆಬಡಿತ ತಾಳ ತಪ್ಪಿದೆ. ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೇರಿ ಲಕ್ವ ಹೊಡೆಯದಿರಲೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದಾರೆ. ಆದರೂ ಪ್ರತಿ ಪರೀಕ್ಷೆಯಲ್ಲೂ ರಕ್ತ ಗಟ್ಟಿಯೇ. ಅತ್ತೆ ಮಾತ್ರೆ ಎಸೆಯುತ್ತಾರೆ ಎಂದು ಮನೆಯವರ ತೀರ್ಮಾನ. ನನ್ನದೂ ಅದೇ. ಚರ್ಚಾಸ್ಪರ್ಧೆಗೆ ಹೊರಟವನಂತೆ ವಾದ ಜೋಡಿಸಿಕೊಂಡೇ ಬಂದಿದ್ದೆ.

ಅತ್ತೆಗೆ ಪ್ರಯಾಣ ಉಚಿತ, ನನಗೆ ಟಿಕೆಟ್ಟು. "ವಾದ ಮಾಡೋರ್ಗೆ ಫ್ರೀ ಇಲ್ವೇನಪ್ಪ?" ಎಂದು ಕಂಡಕ್ಟರನನ್ನು ಕೇಳಿ ನನ್ನನ್ನು ಕಿಚಾಯಿಸಿದರು.

ಮಳವಳ್ಳಿ ದಾಟಿದ ಮೇಲೆ ಶುರುಮಾಡಿದೆ. "ಮಾತ್ರೆ ಮೇಲೆ ನಂಬಿಕೆ ಇಲ್ವಾ ಅತ್ತೆ?"

"ಇಲ್ದೆ ಏನ್ಲಾ? ಡಾಕ್ಟ್ರು ಯೋಳಿದ್ನ ಒಂದಿನಾನೂ ಮೀರಿಲ್ಲ ಕಣ್ಲಾ."

"ಮತ್ತೆ ರಕ್ತ ಯಾಕೆ ಗಟ್ಟಿ?"

"ನಿನ್ ತಲೆಗಿಂತ ಗಟ್ಟಿನಾ?"

ಮುಂದಿನ ಸೀಟಿನವರು ನಕ್ಕರು.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಬಿಸಿಲೇರಿತ್ತು. ವಡೆ ತಂದುಕೊಟ್ಟೆ. ಅತ್ತೆ ಅದರೊಳಗಿನ ಕರಿಬೇವನ್ನು ಒಂದೂ ಬಿಡದೆ ಹೆಕ್ಕಿ ಎಸೆದರು. "ಇವತ್ತು ಮಾತ್ರೆ ದಿನ ಕಣಪ್ಪ" ಎಂದರು. ಏನೋ ಮಡಿ ಇರಬೇಕೆಂದುಕೊಂಡೆ.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವರದಿ ನೋಡಿ ಹುಬ್ಬುಗಂಟಿಕ್ಕಿದರು. "ಮಾತ್ರೆ ದಿನಾ ತಗೋತೀರಾ ಅಮ್ಮ?"

"ಸೊಪ್ಪು ಮಾಡ್ದೇ ಇರೋ ದಿನ ತಪ್ಪಿಸಕಿಲ್ಲ ತಾಯಿ. ಸೊಪ್ಪಿಗೂ ಈ ಮಾತ್ರೆಗೂ ಆಗ್ಬರಲ್ಲ ಅಂತ ನೀವೇ ಯೋಳಿದ್ರಲ್ಲ? ಬಸ್ಸಾರು ಮಾಡಿದ್ ದಿನ ನಾನು ಮಾತ್ರೆ ಮುಟ್ಟಕಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ನಮ್ಮ ಕಡೆ ಬಸ್ಸಾರು, ಮಸ್ಸೊಪ್ಪು, ಉಪ್ಸಾರು ಎಂದು ಏನಾದರೊಂದು ಸೊಪ್ಪಿನ ಅಡುಗೆ ಇಲ್ಲದ ದಿನ ಯಾವುದು? ಹೊಲದ ಬದುವಿನ ಬೆರಕೆ ಸೊಪ್ಪಿಲ್ಲದೆ ಮುದ್ದೆ ಇಳಿಯುವ ಗಂಟಲು ಯಾವುದು? ವಾರಕ್ಕೆ ಒಂದು ಮಾತ್ರೆ ಹೋಗಿದ್ದರೆ ಹೆಚ್ಚು. ತಿಂಗಳುಗಟ್ಟಲೆ ಲಕ್ವ ಹೊಸ್ತಿಲಲ್ಲೇ ಕೂತಿತ್ತು, ಅದೂ ಮಾತು ಮೀರಿದ್ದಕ್ಕಲ್ಲ, ಅಕ್ಷರಶಃ ಪಾಲಿಸಿದ್ದಕ್ಕೆ!

"ಸೊಪ್ಪೂ ಬಿಡಬೇಡಿ, ಮಾತ್ರೆನೂ ಬಿಡಬೇಡಿ" ಎಂದರು ಡಾಕ್ಟರಮ್ಮ, ನಿಧಾನವಾಗಿ. "ಸೊಪ್ಪು ಮಾತ್ರೆಯ ಬಲ ತುಸು ತಗ್ಗಿಸುತ್ತೆ, ಅದಕ್ಕೆ ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯ ಸೊಪ್ಪು ತಿನ್ನಿ. ಅದಕ್ಕೆ ಎಷ್ಟು ಮಾತ್ರೆ ಬೇಕು ಅಂತ ರಕ್ತ ನೋಡಿ ನಾನು ಹೇಳ್ತೀನಿ. ಮುಂದಿನ ವಾರ ಬನ್ನಿ."

"ಇಂಗೆ ಬುಡ್ಸಿ ಮೊದ್ಲೇ ಯೋಳ್ಬಾರ್ದಾ ತಾಯಿ?"

ಡಾಕ್ಟರಮ್ಮ ತಲೆ ತಗ್ಗಿಸಿದರು.

ವಾಪಸು ಬರುವಾಗ ಮಳವಳ್ಳಿ ನಿಲ್ದಾಣದಲ್ಲಿ ದಂಟಿನ ಸೊಪ್ಪಿನ ಒಂದು ಕಟ್ಟು ಕೊಂಡೆವು. ಹಲಗೂರಿನಲ್ಲಿ ಸಂಜೆ ಊಟಕ್ಕೆ ಕೂತಾಗ ಅತ್ತೆ ತಟ್ಟೆಯ ಸೊಪ್ಪನ್ನು ನೋಡಿದರು, ಅಂಗೈಯ ಮಾತ್ರೆಯನ್ನು ನೋಡಿದರು. ಕೈ ಮೇಲೇಳಲಿಲ್ಲ.

"ಎಲ್ಡೂ ಒಟ್ಗೆ ಒಳಕ್ಕೋದ್ರೆ ಏನೂ ಆಗಕಿಲ್ವೇನ್ಲಾ?"

ಜೋಡಿಸಿಕೊಂಡಿದ್ದ ವಾದಗಳನ್ನೆಲ್ಲ ಬದಿಗಿಟ್ಟು, "ಆಗಕಿಲ್ಲ ಅತ್ತೆ" ಎಂದೆ.

ನುಂಗಿ ನೀರು ಕುಡಿದರು. ಏನೋ ಆಗಿಯೇಬಿಡುತ್ತದೆ ಎಂಬಂತೆ ಇಬ್ಬರೂ ಒಂದು ಗಳಿಗೆ ಉಸಿರು ಹಿಡಿದು ಕೂತೆವು. ಆಮೇಲೆ ಅತ್ತೆ ಮುದ್ದೆ ಮುರಿದರು.