ಹೌದಪ್ಪನ ನಾಲ್ಕು ನಿಯಮ, ಮೇಷ್ಟ್ರ ಐದನೆಯದು

ನಮ್ಮ ಬೀದಿಯ ಕಟಿಂಗ್ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಹೌದಪ್ಪ. ಕುರ್ಚಿಯಲ್ಲಿ ಕುಳಿತವರು ಏನೇ ಹೇಳಲಿ, ಕತ್ತರಿ ಎರಡು ಸಲ ಕಚಕಚ ಎನ್ನುತ್ತದೆ, ಹಿಂದೆಯೇ "ಹೌದು ಸಾರ್" ಬರುತ್ತದೆ. ಕುತ್ತಿಗೆಗೆ ಕತ್ತಿ ಹಿಡಿದಾಗ ವಾದ ಮಾಡಬೇಡ, ಗಿರಾಕಿ ತಲೆ ಅಲ್ಲಾಡಿಸಿದರೆ ಗಾಯವಾಗುತ್ತದೆ ಎಂದು ಅವನಪ್ಪ ಕಲಿಸಿದ್ದನಂತೆ.

ಚುನಾವಣೆ ಹತ್ತಿರ ಬಂತು. ಬೀದಿಯ ಹಳೇ ವಾಚನಾಲಯ ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತೇವೆಂದು ಒಂದು ಪಕ್ಷ, ಕೂಡದೆಂದು ಇನ್ನೊಂದು. ನಮ್ಮ ಬೀದಿಯವರ ವಾಟ್ಸಾಪ್ ಗ್ರೂಪಿನಲ್ಲಿ ರಿಟೈರಾದ ಮೇಷ್ಟ್ರೂ ಬೇಕರಿಯವನೂ ಕತ್ತೆ, ಕೋಣ ಎಂದು ಪರಸ್ಪರ ಬೈದುಕೊಂಡರು. ಯಾರ ಜೊತೆಗೂ ಜಗಳವಿಲ್ಲದವನು ಇವನೊಬ್ಬನೇ ಎಂದು ನಾವೇ ಹೌದಪ್ಪನನ್ನು ಅಡ್ಮಿನ್ ಮಾಡಿದೆವು. ತಪ್ಪು ನಮ್ಮದೇ.

ಅವನು ಮಗಳ ಕೈಯಲ್ಲಿ ನಿಯಮ ಬರೆಸಿದ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ವಿಷಯವನ್ನು ಬೈಯಿರಿ, ಮನುಷ್ಯನನ್ನಲ್ಲ. ಮನೆಯವರ ಸುದ್ದಿ ಎತ್ತಬೇಡಿ. ಕೇಳಿದ್ದನ್ನು ಕಂಡಂತೆ ಹೇಳಬೇಡಿ. ಮೇಷ್ಟ್ರು ಭೇಷ್ ಎಂದು ಐದನೆಯದನ್ನು ತಾವೇ ಸೇರಿಸಿದರು: ಎರಡು ನಾಲಿಗೆಯವರಿಗೆ ಇಲ್ಲಿ ಜಾಗವಿಲ್ಲ.

ಒಂದು ವಾರ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಮೇಷ್ಟ್ರು ಬರೆದರು: "ವಾಚನಾಲಯ ಉಳಿಯಲೇಬೇಕು. ಭಾನುವಾರ ಹೌದಪ್ಪನೂ ಒಪ್ಪಿದ." ನಿಮಿಷದೊಳಗೆ ಬೇಕರಿಯವನು ಬರೆದ: "ಬುಧವಾರ ನನ್ನ ಹತ್ರ ಕೆಡವೋದೇ ಸರಿ ಅಂದ್ನಲ್ಲ?" ಅಂಗಡಿಯಲ್ಲಿ ಒಂದು ಕುರ್ಚಿ, ಒಂದು ಸಲಕ್ಕೆ ಒಬ್ಬನೇ ಗಿರಾಕಿ. ಗ್ರೂಪಿನಲ್ಲಿ ಬೀದಿಗೆ ಬೀದಿಯೇ ಕುಳಿತಿತ್ತು. ಮೇಷ್ಟ್ರು ಐದನೇ ನಿಯಮವನ್ನು ಮತ್ತೊಮ್ಮೆ ಹಾಕಿದರು.

ಮುಂದಿನ ಭಾನುವಾರ ಅವರು ಶೇವಿಂಗಿಗೆ ಬರಲಿಲ್ಲ. ಅಂಗಡಿ ತೆರೆದ ದಿನ ಮೊದಲು ಕುಳಿತ ಗಿರಾಕಿ ಅವರು. ಇಪ್ಪತ್ತಾರು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಹೌದಪ್ಪ ಬಾಗಿಲನ್ನೇ ನೋಡುತ್ತ ನನ್ನ ಒಂದು ಕಡೆಯ ಮೀಸೆ ಗಿಡ್ಡ ಮಾಡಿಬಿಟ್ಟ.

"ನಿಜವಾಗ್ಲೂ ನಿಮಗೆ ಏನನ್ಸತ್ತೆ?" ಎಂದು ಅಂದು ರಾತ್ರಿ ಅವನ ಹೆಂಡತಿ ಕೇಳಿದಳಂತೆ.

"ಮೇಷ್ಟ್ರು ಹೇಳುವಾಗ ಅದು ಸರಿ ಅನ್ಸತ್ತೆ ಕಣೇ. ಬೇಕರಿಯವನು ಹೇಳುವಾಗ ಇದೂ ಸರಿ ಅನ್ಸತ್ತೆ. ನಾನು ಸುಳ್ಳು ಹೇಳಿಲ್ಲ."

"ಹಾಗಾದ್ರೆ ಓಟು ಯಾರಿಗೆ?"

ಅದು ಅವನಿಗೂ ಗೊತ್ತಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ. ಕೊನೆಗೆ ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ ಎಂದು ಬರೆಸಿ, ತನ್ನನ್ನು ತಾನೇ ಗ್ರೂಪಿನಿಂದ ಹೊರಗೆ ಹಾಕಿಕೊಂಡ.

ಅದರ ಮುಂದಿನ ಭಾನುವಾರ ಮೇಷ್ಟ್ರು ಬಂದರು. ನಾನು ಬೆಂಚಿನ ಮೇಲಿದ್ದೆ. ಹೌದಪ್ಪ ಬಟ್ಟೆ ಹೊದೆಸಿ, ನೊರೆ ಹಚ್ಚಿ, ಕತ್ತಿ ತೆಗೆದ.

"ಈಗಲಾದ್ರೂ ಬಾಯಿಬಿಟ್ಟು ಹೇಳಯ್ಯಾ. ಕೆಡವ್ಬೇಕೋ, ಬೇಡ್ವೋ?"

ಕತ್ತಿ ಗಾಳಿಯಲ್ಲೇ ನಿಂತಿತು. "ಗೊತ್ತಾಗ್ತಿಲ್ಲ ಮೇಷ್ಟ್ರೇ."

ಹೌದು ಅಲ್ಲದ ಮಾತು ಆ ಕುರ್ಚಿಯ ಹಿಂದಿನಿಂದ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಹಾಗಿದ್ರೆ ಗ್ರೂಪಲ್ಲಿ ಅದನ್ನೇ ಬರೀಬೇಕಿತ್ತಪ್ಪ."

"ಐದು ನಿಯಮದಲ್ಲಿ ಅದಕ್ಕೆ ಜಾಗ ಎಲ್ಲಿತ್ತು ಮೇಷ್ಟ್ರೇ?"

ಮೂವತ್ತೈದು ವರ್ಷ ಪಾಠ ಹೇಳಿದವರು ಕನ್ನಡಿ ನೋಡುತ್ತ ಕುಳಿತರು. ಕೆನ್ನೆಯ ನೊರೆ ಒಣಗತೊಡಗಿದಾಗ ಗದ್ದ ಎತ್ತಿ ಕುತ್ತಿಗೆ ಕೊಟ್ಟರು.